ಕ್ಷೌರಿಕನ ಮಗ, ಕಡಲಿನ ಚಿತ್ರಕಾರ: ಜೆ. ಎಂ. ಡಬ್ಲ್ಯು. ಟರ್ನರ್

ಸಿಂದಬಾದನ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಅಲಿಫ್ ಲೈಲಾದ ಈ ನಾವಿಕ ತನ್ನ ಮೂರನೆಯ ಪ್ರಯಾಣದಲ್ಲಿ ಒಂದು ದ್ವೀಪದ ಪಾಲಾಗುತ್ತಾನೆ. ಅಲ್ಲಿ ಒಂದು ದೊಡ್ಡ ಮನೆ, ಆ ಮನೆಯಲ್ಲಿ ಒಬ್ಬ ದೈತ್ಯ. ಅವನು ನಾವಿಕರನ್ನು ಒಬ್ಬೊಬ್ಬರಾಗಿ ಹಿಡಿದು, ಬೆಂಕಿಯಲ್ಲಿ ಸುಟ್ಟು ತಿನ್ನತೊಡಗುತ್ತಾನೆ. ಕೊನೆಗೆ ಸಿಂದಬಾದ್ ಮತ್ತು ಅವನ ಸಂಗಡಿಗರು ಕಬ್ಬಿಣದ ಸಲಾಕೆಗಳನ್ನು ಕೆಂಪಗೆ ಕಾಯಿಸಿ, ಮಲಗಿದ್ದ ದೈತ್ಯನ ಕಣ್ಣಿಗೆ ಚುಚ್ಚಿ, ತೆಪ್ಪ ಏರಿ ಓಡುತ್ತಾರೆ. ದಡದಿಂದ ಬಂಡೆಗಳು ತೂರಿ ಬರುತ್ತವೆ. ಹೆಚ್ಚಿನವರು ನೀರುಪಾಲಾಗುತ್ತಾರೆ.

ಇದನ್ನೇ ಹೋಲುವ ಕಥೆಯೊಂದು ಗ್ರೀಕರಲ್ಲಿದೆ. ಸುಮಾರು 2700 ವರ್ಷಗಳಷ್ಟು ಹಳೆಯದಾದ ಹೋಮರ್ ಕವಿಯ ‘ಒಡಿಸ್ಸಿ’ ಮಹಾಕಾವ್ಯದಲ್ಲಿ ಅದು ಬರುತ್ತದೆ. ಅಲ್ಲಿಯ ನಾಯಕ ಒಡಿಸ್ಸಿಯಸ್. ಲ್ಯಾಟಿನ್ ಭಾಷೆಯ ಮೂಲಕ ಇಂಗ್ಲಿಷರಿಗೆ ಅವನು ಯುಲಿಸಿಸ್ ಎಂದು ಪರಿಚಿತ. ಈ ಕಥೆಯನ್ನು ಇಂಗ್ಲೆಂಡಿನ ಒಬ್ಬ ಚಿತ್ರಕಾರ ಬಣ್ಣಗಳಲ್ಲಿ ಹೇಳಿದ. ಅವನು ಗ್ರೀಕ್ ಭಾಷೆ ಕಲಿತವನಲ್ಲ, ಗ್ರೀಸ್ ದೇಶಕ್ಕೆ ಕಾಲಿಟ್ಟವನೂ ಅಲ್ಲ. ಆದರೆ ಕಡಲನ್ನು ಮಾತ್ರ ಅವನಷ್ಟು ಶ್ರದ್ಧೆಯಿಂದ ನೋಡಿದ ಚಿತ್ರಕಾರರು ವಿರಳ. ಅವನೇ ಜೋಸೆಫ್ ಮ್ಯಾಲರ್ಡ್ ವಿಲಿಯಂ ಟರ್ನರ್. ಅವನ ಜೀವನದ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಅಂಗಡಿಯ ಕಿಟಕಿಯಲ್ಲಿ ಚಿತ್ರಗಳು

ಟರ್ನರ್ ಹುಟ್ಟಿದ್ದು 1775ರಲ್ಲಿ, ಲಂಡನ್ ನಗರದ ಕೋವೆಂಟ್ ಗಾರ್ಡನ್ ಎಂಬಲ್ಲಿ. ಅದು ಹಣ್ಣು ತರಕಾರಿ ಮಾರುಕಟ್ಟೆಯ ಗಜಿಬಿಜಿ ಪ್ರದೇಶ. ತಂದೆ ವಿಲಿಯಂ ಟರ್ನರ್ ಅಲ್ಲಿನ ಮೇಡನ್ ಲೇನ್ ಎಂಬ ಓಣಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದ. ಆಗಿನ ಕಾಲದ ಶ್ರೀಮಂತರು ತೊಡುತ್ತಿದ್ದ ಕೃತಕ ಕೂದಲಿನ ವಿಗ್ಗುಗಳನ್ನೂ ತಯಾರಿಸುತ್ತಿದ್ದ. ಥೇಮ್ಸ್ ನದಿ ಅಲ್ಲಿಂದ ಸ್ವಲ್ಪವೇ ದೂರ. ನದಿಯಲ್ಲಿ ಬಂದು ಹೋಗುವ ಹಡಗುಗಳನ್ನು ನೋಡುತ್ತಾ ಹುಡುಗ ಬೆಳೆದ.

ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಒಬ್ಬಳೇ ತಂಗಿ 1783ರಲ್ಲಿ, ಐದು ವರ್ಷ ತುಂಬುವ ಮೊದಲೇ ತೀರಿಕೊಂಡಳು. ತಾಯಿ ಮೇರಿಗೆ ಮಾನಸಿಕ ಕಾಯಿಲೆ. ಅವಳ ಕೋಪ, ಕೂಗಾಟಗಳಿಂದ ಮನೆ ನಲುಗಿತ್ತು. ಹುಡುಗನನ್ನು ಹತ್ತು ವರ್ಷದ ಸುಮಾರಿಗೆ ಬ್ರೆಂಟ್‌ಫರ್ಡ್ ಎಂಬ ಊರಿನಲ್ಲಿದ್ದ ಸೋದರಮಾವನ ಮನೆಗೆ ಕಳುಹಿಸಿದರು. ಆನಂತರ ಮಾರ್ಗೇಟ್ ಎಂಬ ಕಡಲತೀರದ ಊರಿನಲ್ಲಿ ಸ್ವಲ್ಪ ಕಾಲ ಶಾಲೆಗೆ ಹಾಕಿದರು. ಮಾರ್ಗೇಟಿನ ಕಡಲು ಮತ್ತು ಅಲ್ಲಿನ ಆಕಾಶ ಅವನನ್ನು ಜೀವನಪೂರ್ತಿ ಸೆಳೆಯಿತು. ಮುಂದೆ ಮುದುಕನಾದ ಮೇಲೂ ಅವನು ಪದೇ ಪದೇ ಅಲ್ಲಿಗೇ ಹೋಗುತ್ತಿದ್ದ. ತಾಯಿಯ ಕಾಯಿಲೆ ಮಾತ್ರ ವಾಸಿಯಾಗಲಿಲ್ಲ. ಅವಳನ್ನು 1800ರಲ್ಲಿ ಬೆತ್ಲೆಮ್ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1804ರಲ್ಲಿ ಅವಳು ಕಣ್ಣುಮುಚ್ಚಿದಳು.

ಶಾಲೆಯ ವಿದ್ಯೆ ಟರ್ನರ್‌ಗೆ ಹೆಚ್ಚು ಸಿಗಲಿಲ್ಲ. ಮಾತು ಒರಟು, ಬರವಣಿಗೆಯಲ್ಲಿ ಕಾಗುಣಿತದ ತಪ್ಪುಗಳು. ಆದರೆ ಕೈಯಲ್ಲಿ ಪೆನ್ಸಿಲ್ ಹಿಡಿದರೆ ಹುಡುಗ ಬೇರೆಯೇ ಆಗುತ್ತಿದ್ದ. ಇದನ್ನು ಮೊದಲು ಗುರುತಿಸಿದವನು ತಂದೆ. ಆ ಕಾಲದಲ್ಲಿ ಕ್ಷೌರಿಕನ ಮಗ ಕ್ಷೌರಿಕನಾಗುವುದೇ ವಾಡಿಕೆ. ಈ ತಂದೆ ಹಾಗೆ ಮಾಡಲಿಲ್ಲ. ಮಗನ ಚಿತ್ರಗಳನ್ನು ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿ, ಕ್ಷೌರಕ್ಕೆ ಬಂದ ಗಿರಾಕಿಗಳಿಗೆ ಕೆಲವೇ ಶಿಲಿಂಗಿಗೆ ಮಾರುತ್ತಿದ್ದ. ಮಗ ಚಿತ್ರಕಾರನಾಗುತ್ತಾನೆಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ತಂದೆಯ ನಂಬಿಕೆ ಸುಳ್ಳಾಗಲಿಲ್ಲ. 1789ರಲ್ಲಿ, ತನ್ನ 14ನೆಯ ವಯಸ್ಸಿನಲ್ಲಿ ಟರ್ನರ್ ರಾಯಲ್ ಅಕಾಡೆಮಿಯ ಕಲಾಶಾಲೆಗೆ ಸೇರಿದ. ಮರುವರ್ಷವೇ ಅವನ ಒಂದು ಜಲವರ್ಣ ಚಿತ್ರ ಅಕಾಡೆಮಿಯ ಪ್ರದರ್ಶನದಲ್ಲಿ ಸ್ಥಾನ ಪಡೆಯಿತು. 1802ರಲ್ಲಿ, ಇನ್ನೂ 26 ವರ್ಷದವನಿದ್ದಾಗ, ಅಕಾಡೆಮಿಯ ಪೂರ್ಣ ಸದಸ್ಯನಾದ.

ಮೊದಲು ಕಡಲು, ಆಮೇಲೆ ಕಥೆ

ಟರ್ನರ್ ಪ್ರದರ್ಶಿಸಿದ ಮೊದಲ ತೈಲಚಿತ್ರವೇ ಕಡಲಿನದು. 1796ರ ಆ ಚಿತ್ರದ ಹೆಸರು ‘ಕಡಲಿನಲ್ಲಿ ಮೀನುಗಾರರು’. ಬೆಳದಿಂಗಳ ರಾತ್ರಿ, ಏಳುವ ತೆರೆಗಳ ನಡುವೆ ಒಂದು ಸಣ್ಣ ದೋಣಿ, ದೋಣಿಯಲ್ಲಿ ಮಿಣುಕುವ ಒಂದು ಲಾಟೀನು. ಮೇಲೆ ಚಂದ್ರನ ತಣ್ಣನೆಯ ಬೆಳಕು, ಕೆಳಗೆ ಮನುಷ್ಯನ ಬೆಚ್ಚಗಿನ ಬೆಳಕು. ಇದರಲ್ಲಿ ದೇವತೆಗಳಿಲ್ಲ, ದೈತ್ಯರಿಲ್ಲ. ಹೊಟ್ಟೆಪಾಡಿಗಾಗಿ ರಾತ್ರಿ ಬಲೆ ಬೀಸುವ ಬಡವರಿದ್ದಾರೆ. ನಮ್ಮ ಕರಾವಳಿಯ ಓದುಗರಿಗೆ ಆ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

1802ರಲ್ಲಿ ಅವನು ಮೊದಲ ಬಾರಿಗೆ ಕಡಲು ದಾಟಿ ಫ್ರಾನ್ಸಿಗೆ ಹೋದ. ಕ್ಯಾಲೆ ಬಂದರಿಗೆ ಬರುವಾಗ ಗಾಳಿ ಜೋರಾಗಿತ್ತು. ದಡ ಸೇರುವ ಹೊತ್ತಿಗೆ ಅವನಿದ್ದ ದೋಣಿ ಮುಳುಗುವ ಹಾಗಾಗಿತ್ತು. ದಡ ಮುಟ್ಟಿದ ಮೇಲೆ ಅವನು ಆ ದೃಶ್ಯಗಳನ್ನು ತನ್ನ ಪುಸ್ತಕದಲ್ಲಿ ಗೀಚಿಕೊಂಡ. ಮರುವರ್ಷ ‘ಕ್ಯಾಲೆ ಕಟ್ಟೆ’ ಎಂಬ ದೊಡ್ಡ ಚಿತ್ರ ಸಿದ್ಧವಾಯಿತು. ಹೋದಲ್ಲೆಲ್ಲ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳುವುದು ಅವನ ಅಭ್ಯಾಸ. ಅಂಥ ಸುಮಾರು 300 ಪುಸ್ತಕಗಳು ಇಂದಿಗೂ ಉಳಿದಿವೆ. ತೆರೆ ಹೇಗೆ ಮಡಚಿಕೊಳ್ಳುತ್ತದೆ, ನೊರೆ ಎಲ್ಲಿ ಒಡೆಯುತ್ತದೆ, ಮೋಡದ ಅಂಚು ಯಾವ ಬಣ್ಣಕ್ಕೆ ತಿರುಗುತ್ತದೆ, ಇವೆಲ್ಲ ಅವುಗಳಲ್ಲಿ ದಾಖಲಾಗಿವೆ.

ಕಾಣದ್ದನ್ನೂ ಅವನು ಚಿತ್ರಿಸಿದ್ದುಂಟು. ಕನ್ನಡಿಗರಾದ ನಮಗೆ ಕುತೂಹಲದ ವಿಷಯವೊಂದಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಹುತಾತ್ಮನಾದ ಸುದ್ದಿ ಲಂಡನ್ ತಲುಪಿದಾಗ, ಅಲ್ಲಿನ ಜನ ಆ ಯುದ್ಧದ ಚಿತ್ರಗಳಿಗಾಗಿ ಮುಗಿಬಿದ್ದರು. ಆಗ ಸುಮಾರು 25 ವರ್ಷದವನಾಗಿದ್ದ ಟರ್ನರ್ ಕೂಡ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದ. ಸುಮಾರು 1800ರ ಆ ಚಿತ್ರ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅವನು ಭಾರತಕ್ಕೆ ಬಂದವನಲ್ಲ, ಕಾವೇರಿಯನ್ನು ಕಂಡವನಲ್ಲ. ಆ ಚಿತ್ರ ಗೆದ್ದವರ ಕಡೆಯಿಂದ ಕೇಳಿದ ಕಥೆ. ಹೊಟ್ಟೆಪಾಡಿಗಾಗಿ ಯುವ ಚಿತ್ರಕಾರರು ಇಂಥ ಕೆಲಸ ಒಪ್ಪಿಕೊಳ್ಳುತ್ತಿದ್ದ ಕಾಲವದು.

ಅದೇ 1799ರಲ್ಲಿ ಅವನಿಗೆ ಗ್ರೀಸ್ ನೋಡುವ ಅವಕಾಶವೂ ಬಂದಿತ್ತು. ಉಸ್ಮಾನಿಯಾ ಸಾಮ್ರಾಜ್ಯಕ್ಕೆ ಬ್ರಿಟನ್ನಿನ ರಾಯಭಾರಿಯಾಗಿ ಇಸ್ತಾಂಬುಲಿಗೆ ಹೊರಟಿದ್ದ ಲಾರ್ಡ್ ಎಲ್ಗಿನ್, ಅಥೆನ್ಸಿನ ಪ್ರಾಚೀನ ಶಿಲ್ಪಗಳ ಚಿತ್ರ ಬರೆಯಲು ಒಬ್ಬ ಕಲಾವಿದನನ್ನು ಹುಡುಕುತ್ತಿದ್ದ. ಟರ್ನರ್‌ನನ್ನೂ ಕೇಳಿದ. ಆದರೆ ಸಂಬಳದ ವಿಷಯದಲ್ಲಿ ಮಾತು ಕುದುರಲಿಲ್ಲ. ಟರ್ನರ್ ಹೋಗಲಿಲ್ಲ. ಮುಂದೆ ಎಲ್ಗಿನ್ ಆ ಶಿಲ್ಪಗಳನ್ನೇ ಕಿತ್ತು ಲಂಡನ್ನಿಗೆ ಸಾಗಿಸಿದ. 1816ರಲ್ಲಿ ಬ್ರಿಟಿಷ್ ಸರ್ಕಾರ ಅವುಗಳನ್ನು ಕೊಂಡು ವಸ್ತುಸಂಗ್ರಹಾಲಯದಲ್ಲಿಟ್ಟಿತು. ಅವುಗಳನ್ನು ಹಿಂದಿರುಗಿಸಬೇಕೆಂದು ಗ್ರೀಸ್ ಇಂದಿಗೂ ಕೇಳುತ್ತಿದೆ. ಟರ್ನರ್ ಪಾಲಿಗೆ ಮಾತ್ರ ಗ್ರೀಸ್ ಹೀಗೆ ಲಂಡನ್ನಿಗೇ ಬಂದಿತು.

ಗ್ರೀಕರ ಕಥೆಗಳು ಅವನಿಗೆ ಸಿಕ್ಕಿದ್ದು ಇಂಗ್ಲಿಷ್ ಅನುವಾದಗಳ ಮೂಲಕ. ಹೋಮರನ ಕಾವ್ಯವನ್ನು ಅಲೆಕ್ಸಾಂಡರ್ ಪೋಪ್ ಕವಿಯ ಅನುವಾದದಲ್ಲಿ ಓದಿದ. ಶಾಲೆಯಲ್ಲಿ ಕಲಿಯದ್ದನ್ನು ದೊಡ್ಡವನಾದ ಮೇಲೆ ತಾನೇ ಕೂತು ಕಲಿತ. ಯುಲಿಸಿಸನ ಕಥೆಯನ್ನು ಚಿತ್ರಿಸಬೇಕೆಂಬ ಆಸೆ ಬೇಗನೆ ಮೂಡಿತು. ಅದರ ಮೊದಲ ಗೀಚು ಅವನ ಹಳೆಯ ಪುಸ್ತಕವೊಂದರಲ್ಲಿದೆ. ಆದರೆ ಆ ಗೀಚು ದೊಡ್ಡ ಚಿತ್ರವಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ನಡುವಿನ ವರ್ಷಗಳಲ್ಲಿ ಅವನು ನೂರಾರು ಸಲ ಕಡಲಿನ ಚಿತ್ರ ಬರೆದ. 1819ರಲ್ಲಿ ಇಟಲಿಗೆ ಹೋಗಿ, ನೇಪಲ್ಸಿನ ಕಡಲನ್ನೂ ವೆಸೂವಿಯಸ್ ಜ್ವಾಲಾಮುಖಿಯನ್ನೂ ದಕ್ಷಿಣದ ಬಿಸಿಲನ್ನೂ ಕಂಡುಬಂದ. 1828ರಲ್ಲಿ ಮತ್ತೆ ರೋಮಿಗೆ ಹೋದ. ಅಲ್ಲಿಂದ ಮರಳಿದ ಮೇಲೆ, 1829ರ ಪ್ರದರ್ಶನದಲ್ಲಿ ‘ಪಾಲಿಫೀಮಸನನ್ನು ಹಂಗಿಸುತ್ತಿರುವ ಯುಲಿಸಿಸ್’ ಜನರ ಮುಂದೆ ಬಂತು.

ದೈತ್ಯ, ಹಡಗು ಮತ್ತು ಸೂರ್ಯೋದಯ

ಚಿತ್ರವನ್ನು ಅರಿಯಲು ಕಥೆ ತಿಳಿದಿರಬೇಕು. ಟ್ರಾಯ್ ಯುದ್ಧ ಗೆದ್ದು ಮನೆಗೆ ಮರಳುತ್ತಿದ್ದ ಯುಲಿಸಿಸ್ ಒಂಟಿಕಣ್ಣಿನ ದೈತ್ಯರ ನಾಡಿಗೆ ಬರುತ್ತಾನೆ. ಹನ್ನೆರಡು ಮಂದಿ ಸಂಗಡಿಗರೊಂದಿಗೆ ಪಾಲಿಫೀಮಸ್ ಎಂಬ ದೈತ್ಯನ ಗುಹೆ ಹೊಕ್ಕು ಸಿಕ್ಕಿಬೀಳುತ್ತಾನೆ. ದೈತ್ಯ ಆರು ಮಂದಿಯನ್ನು ತಿಂದುಹಾಕುತ್ತಾನೆ. ಯುಲಿಸಿಸ್ ಅವನಿಗೆ ಮದ್ಯ ಕುಡಿಸಿ, ತನ್ನ ಹೆಸರು ಯಾರೂ ಅಲ್ಲ ಎಂದು ಹೇಳಿ, ಅವನು ನಿದ್ದೆಹೋದಾಗ ಚೂಪಾದ ಮರದ ಕೊರಡನ್ನು ಬೆಂಕಿಯಲ್ಲಿ ಕಾಯಿಸಿ ಕಣ್ಣಿಗೆ ತಿವಿಯುತ್ತಾನೆ. ದೈತ್ಯನ ಚೀರಾಟ ಕೇಳಿ ಬಂದ ನೆರೆಯವರು ಯಾರು ಹಿಂಸಿಸಿದರೆಂದು ಕೇಳುತ್ತಾರೆ. ಯಾರೂ ಅಲ್ಲ ಎಂಬ ಉತ್ತರ ಕೇಳಿ ಮರಳಿ ಹೋಗುತ್ತಾರೆ. ಬೆಳಗಾದಾಗ ಉಳಿದವರು ಕುರಿಗಳ ಹೊಟ್ಟೆಯಡಿ ಜೋತುಬಿದ್ದು ಹೊರಬಂದು ಹಡಗು ಸೇರುತ್ತಾರೆ.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಯುಲಿಸಿಸನಿಗೆ ಗೆಲುವು ಸಾಲಲಿಲ್ಲ. ಗೆದ್ದವನು ತಾನೆಂದು ದೈತ್ಯನಿಗೆ ಗೊತ್ತಾಗಬೇಕಿತ್ತು. ಸಂಗಡಿಗರು ಬೇಡವೆಂದರೂ ಕೇಳದೆ, ಹಡಗಿನ ಮೇಲಿಂದ ದೈತ್ಯನನ್ನು ಹಂಗಿಸಿ, ತನ್ನ ನಿಜವಾದ ಹೆಸರು, ತಂದೆಯ ಹೆಸರು, ಊರಿನ ಹೆಸರುಗಳನ್ನೆಲ್ಲ ಕೂಗಿ ಹೇಳಿದ. ಪಾಲಿಫೀಮಸ್ ಕಡಲಿನ ದೇವತೆ ಪೊಸೈಡನನ ಮಗ. ಮಗ ತಂದೆಯಲ್ಲಿ ಮೊರೆಯಿಟ್ಟ. ಅಂದಿನಿಂದ ಕಡಲು ಯುಲಿಸಿಸನ ಹಗೆಯಾಯಿತು. ಅವನು ಊರು ಸೇರಲು ಒಟ್ಟು ಹತ್ತು ವರ್ಷ ಬೇಕಾಯಿತು. ಸಂಗಡಿಗರಲ್ಲಿ ಒಬ್ಬನೂ ಉಳಿಯಲಿಲ್ಲ. ಬುದ್ಧಿವಂತಿಕೆಯಿಂದ ಗಳಿಸಿದ್ದನ್ನು ಅಹಂಕಾರದ ಒಂದು ಕ್ಷಣ ಕಳೆಯಿತು.

ಟರ್ನರ್ ಆರಿಸಿಕೊಂಡದ್ದು ಆ ಕ್ಷಣವನ್ನೇ. ಚಿತ್ರದ ಅಗಲ ಸುಮಾರು ಎರಡು ಮೀಟರ್. ಮಧ್ಯದಲ್ಲಿ ಹೊಂಬಣ್ಣದ ಹಡಗು, ಹಾಯಿ ಬಿಚ್ಚಲು ಕಂಬಗಳನ್ನೇರಿದ ನಾವಿಕರು, ಮೇಲೆ ಹಾರುವ ಬಾವುಟಗಳು. ಹಡಗಿನ ಮೇಲೆ ಕೈಗಳನ್ನು ಎತ್ತಿ ನಿಂತ ಯುಲಿಸಿಸ್ ಹೆಬ್ಬೆರಳಿನಷ್ಟು ಸಣ್ಣವನು. ಎಡಗಡೆ ಬೆಟ್ಟದ ತುದಿಯಲ್ಲಿ ನೋವಿನಿಂದ ಹೊರಳುವ ದೈತ್ಯ. ಮೊದಲ ನೋಟಕ್ಕೆ ಅವನು ಕಾಣುವುದೇ ಇಲ್ಲ. ಮೋಡವೋ, ಹೊಗೆಯೋ, ಬೆಟ್ಟದ ನೆತ್ತಿಯೋ ಎನಿಸುತ್ತದೆ. ನೋಡುತ್ತಾ ನಿಂತರೆ ತಲೆ, ತೋಳು, ದೇಹ ನಿಧಾನವಾಗಿ ಮೂಡಿಬರುತ್ತವೆ. ಬೆಟ್ಟದ ಬುಡದ ಗುಹೆಯಲ್ಲಿ ಬೆಂಕಿ ಇನ್ನೂ ಕೆಂಪಗಿದೆ.

ಬಲಗಡೆ ಕಡಲಿನ ಅಂಚಿನಲ್ಲಿ ಸೂರ್ಯ ಏಳುತ್ತಿದ್ದಾನೆ. ಆ ಬೆಳಕಿನಲ್ಲಿ ಗ್ರೀಕರ ಸೂರ್ಯದೇವತೆಯ ರಥದ ಕುದುರೆಗಳ ಆಕಾರ ಬಹಳ ತೆಳುವಾಗಿ ಕಾಣುತ್ತದೆ. ಅವುಗಳಿಗೆ ಮಾದರಿ, ಎಲ್ಗಿನ್ ತಂದ ಅಥೆನ್ಸಿನ ಶಿಲ್ಪಗಳಲ್ಲಿರುವ ಕುದುರೆಗಳು. ಹಡಗಿನ ಮುಂದಿನ ನೀರಿನಲ್ಲಿ ಜಲಕನ್ಯೆಯರು ತೇಲುತ್ತಿದ್ದಾರೆ, ಅವರ ಹಣೆಯಲ್ಲಿ ನಕ್ಷತ್ರಗಳು. ಅವರ ಸುತ್ತ ನೀರೇ ಹೊಳೆಯುತ್ತದೆ. ಕಡಲಿನ ಸೂಕ್ಷ್ಮಜೀವಿಗಳಿಂದ ರಾತ್ರಿ ಹೊತ್ತು ನೀರು ಹೀಗೆ ಹೊಳೆಯುವುದುಂಟು. ನಮ್ಮ ಕರಾವಳಿಯಲ್ಲೂ ಕೆಲವೊಮ್ಮೆ ತೆರೆಗಳು ನೀಲಿಯಾಗಿ ಮಿನುಗುವುದನ್ನು ಜನ ಕಂಡಿದ್ದಾರೆ.

ಇಲ್ಲಿ ಟರ್ನರ್ ಮಾಡಿದ ಕೆಲಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅವನಿಗಿಂತ ಮೊದಲು ಗ್ರೀಕ್ ಕಥೆಗಳನ್ನು ಚಿತ್ರಿಸಿದವರಲ್ಲಿ ಅನೇಕರು ಮನುಷ್ಯರನ್ನೂ ದೇವತೆಗಳನ್ನೂ ದೊಡ್ಡದಾಗಿ ಬರೆದು, ಕಡಲನ್ನು ಹಿಂದಿನ ಪರದೆಯಂತೆ ಬಳಸುತ್ತಿದ್ದರು. ಟರ್ನರ್ ಇದನ್ನು ತಿರುಗಿಸಿದ. ದೈತ್ಯನನ್ನು ಬೆಟ್ಟದ ಹೊಗೆಯಲ್ಲಿ, ಸೂರ್ಯದೇವತೆಯನ್ನು ಬೆಳಕಿನಲ್ಲಿ, ಜಲಕನ್ಯೆಯರನ್ನು ನೀರಿನ ಹೊಳಪಿನಲ್ಲಿ ಕರಗಿಸಿದ. ಪ್ರಾಚೀನರು ಯಾವುದನ್ನು ಕಂಡು ಇಂಥ ಕಥೆಗಳನ್ನು ಕಟ್ಟಿಕೊಂಡರೋ ಅದನ್ನೇ ನೋಡುವವರ ಕಣ್ಣೆದುರು ಇಟ್ಟ. ಮೂವತ್ತು ವರ್ಷ ಕಡಲನ್ನು ನೋಡಿದ ಕಣ್ಣು ಇಲ್ಲದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಅಂದಿನ ವಿಮರ್ಶಕರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಬಣ್ಣಗಳು ಅತಿಯಾದವು, ಚಿತ್ರಕಾರನಿಗೆ ಹುಚ್ಚು ಹಿಡಿದಿದೆ ಎಂಬಂಥ ಮಾತುಗಳು ಪತ್ರಿಕೆಗಳಲ್ಲಿ ಬಂದವು. ತಾಯಿಯನ್ನು ಮಾನಸಿಕ ಆಸ್ಪತ್ರೆಯಲ್ಲಿ ಕಳೆದುಕೊಂಡವನಿಗೆ ಆ ಮಾತು ಎಷ್ಟು ಚುಚ್ಚಿರಬೇಕೆಂದು ನಾವು ಊಹಿಸಬಹುದು. ಚಿತ್ರ ಮಾರಾಟವಾಗದೆ ಅವನ ಬಳಿಯೇ ಉಳಿಯಿತು. ಮುಂದೆ ಜಾನ್ ರಸ್ಕಿನ್ ಎಂಬ ಪ್ರಸಿದ್ಧ ವಿಮರ್ಶಕ ಇದನ್ನೇ ಟರ್ನರ್‌ನ ಕಲಾಜೀವನದ ಕೇಂದ್ರವೆಂದು ಗುರುತಿಸಿದ.

ಅದೇ 1829ರ ಸೆಪ್ಟೆಂಬರಿನಲ್ಲಿ ತಂದೆ ತೀರಿಕೊಂಡ. ಕ್ಷೌರದ ಅಂಗಡಿ ಮುಚ್ಚಿದ ಮೇಲೆ ಆ ತಂದೆ ಮಗನ ಜೊತೆಯಲ್ಲೇ ಇದ್ದು, ಕ್ಯಾನ್ವಾಸ್ ಬಿಗಿಯುವುದು, ಮುಗಿದ ಚಿತ್ರಗಳಿಗೆ ವಾರ್ನಿಷ್ ಹಚ್ಚುವುದು, ಮಗನ ಗ್ಯಾಲರಿ ನೋಡಿಕೊಳ್ಳುವುದು, ಹೀಗೆ ಎಲ್ಲವನ್ನೂ ಮಾಡುತ್ತಿದ್ದ. ಸುಮಾರು ಮೂವತ್ತು ವರ್ಷ ಅವನೇ ಮಗನ ಸಹಾಯಕ, ಅವನೇ ಗೆಳೆಯ. ತಂದೆ ಹೋದ ಮೇಲೆ ಟರ್ನರ್ ಮೊದಲಿನಂತೆ ಇರಲಿಲ್ಲ ಎಂದು ಅವನನ್ನು ಬಲ್ಲವರು ದಾಖಲಿಸಿದ್ದಾರೆ.

ದೇವತೆಗಳಿಲ್ಲದ ಕಡಲು

ಆಮೇಲೂ ಟರ್ನರ್ ಗ್ರೀಕ್ ಕಥೆಗಳ ಕಡಲನ್ನು ಬಿಡಲಿಲ್ಲ. 1837ರಲ್ಲಿ ‘ಹೀರೋ ಮತ್ತು ಲಿಯಾಂಡರ್ ಅಗಲಿಕೆ’ ಪ್ರದರ್ಶಿಸಿದ. ಪ್ರೇಯಸಿ ಹಚ್ಚಿಟ್ಟ ದೀಪದ ಗುರುತು ಹಿಡಿದು ಪ್ರತಿ ರಾತ್ರಿ ಜಲಸಂಧಿಯನ್ನು ಈಜುತ್ತಿದ್ದ ಯುವಕ ಬಿರುಗಾಳಿಯ ರಾತ್ರಿ ಮುಳುಗಿದ ಕಥೆ ಅದು. ಆ ಜಲಸಂಧಿ ಈಗ ತುರ್ಕಿಯ ದರ್ದನೆಲ್ಸ್. 1841ರಲ್ಲಿ ‘ಗ್ಲಾಕಸ್ ಮತ್ತು ಸಿಲ್ಲಾ’ ಬಂತು. ಮನುಷ್ಯನಾಗಿದ್ದು ಕಡಲಿನ ದೇವತೆಯಾದವನ ಪ್ರೇಮಕ್ಕೆ ಹೆದರಿ ಓಡುವ ಹುಡುಗಿಯ ಚಿತ್ರವದು.

ಆದರೆ ಇವೆರಡರ ನಡುವೆ, 1840ರಲ್ಲಿ, ಅವನು ಬರೆದ ಕಡಲಿನ ಚಿತ್ರವೊಂದರಲ್ಲಿ ಪುರಾಣದ ಯಾವ ದೈತ್ಯನೂ ಇಲ್ಲ. ಆದರೂ ಅದರಷ್ಟು ಭಯಂಕರವಾದದ್ದು ಬೇರೆ ಇಲ್ಲ. ಅದೇ ‘ಗುಲಾಮರ ಹಡಗು’. ಈ ಚಿತ್ರದ ಹಿಂದೆ ಒಂದು ನಿಜ ಘಟನೆ ಇದೆಯೆಂದು ವಿದ್ವಾಂಸರು ಭಾವಿಸುತ್ತಾರೆ. 1781ರಲ್ಲಿ ಜಾಂಗ್ ಎಂಬ ಬ್ರಿಟಿಷ್ ಹಡಗು ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡು ಜಮೈಕಾಕ್ಕೆ ಹೊರಟಿತ್ತು. ದಾರಿಯಲ್ಲಿ ಹಡಗಿನವರು 130ಕ್ಕೂ ಹೆಚ್ಚು ಮಂದಿಯನ್ನು ಜೀವಂತವಾಗಿ ಕಡಲಿಗೆ ಎಸೆದರು. ಕಾಯಿಲೆಯಿಂದ ಸತ್ತರೆ ವಿಮೆಯ ಹಣ ಇಲ್ಲ, ಹಡಗನ್ನು ಉಳಿಸಲು ಸರಕನ್ನು ಎಸೆಯಬೇಕಾಯಿತೆಂದರೆ ಹಣ ಉಂಟು. ಆ ಲೆಕ್ಕದಲ್ಲಿ ಮನುಷ್ಯರೇ ಸರಕು. 1783ರಲ್ಲಿ ಈ ವಿಷಯ ಲಂಡನ್ನಿನ ನ್ಯಾಯಾಲಯಕ್ಕೆ ಬಂದದ್ದು ಕೊಲೆಯ ಮೊಕದ್ದಮೆಯಾಗಿ ಅಲ್ಲ, ವಿಮೆಯ ಮೊಕದ್ದಮೆಯಾಗಿ.

ಟರ್ನರ್‌ನ ಚಿತ್ರದಲ್ಲಿ ಆಕಾಶ ರಕ್ತದ ಬಣ್ಣಕ್ಕೆ ತಿರುಗಿದೆ. ನಡುವೆ ಉರಿಯುವ ಸೂರ್ಯನ ಬಿಳಿಯ ಪಟ್ಟೆ. ದೂರದಲ್ಲಿ ಹಡಗು ಬಿರುಗಾಳಿಯತ್ತ ಸಾಗುತ್ತಿದೆ. ಮುಂದಿನ ನೀರಿನಲ್ಲಿ ಸಂಕೋಲೆಗಳು, ಮುಳುಗುವವರ ಕೈಗಳು, ಸರಪಳಿ ತೊಟ್ಟ ಒಂದು ಕಾಲು. ಸುತ್ತ ಮೀನುಗಳೂ ಹಕ್ಕಿಗಳೂ ಮುತ್ತಿವೆ. ಯುಲಿಸಿಸನ ಚಿತ್ರದಲ್ಲಿ ಮನುಷ್ಯರನ್ನು ತಿಂದ ದೈತ್ಯನಿಗೆ ಒಂದೇ ಕಣ್ಣಿತ್ತು. ಇಲ್ಲಿ ಮನುಷ್ಯರನ್ನು ತಿಂದವರಿಗೆ ನಮ್ಮ ನಿಮ್ಮಂತೆ ಎರಡು ಕಣ್ಣು, ಕೈಯಲ್ಲಿ ಲೆಕ್ಕದ ಪುಸ್ತಕ. ಗ್ರೀಕರ ಕಥೆಯಲ್ಲಿ ಅನ್ಯಾಯಕ್ಕೆ ಕಡಲು ಸೇಡು ತೀರಿಸಿಕೊಳ್ಳುತ್ತದೆ. ಈ ಚಿತ್ರದಲ್ಲೂ ಬಿರುಗಾಳಿ ಆ ಹಡಗಿಗಾಗಿ ಕಾಯುತ್ತಿದೆ. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಕಾನೂನನ್ನು 1833ರಲ್ಲೇ ತಂದಿತ್ತು. ಆದರೆ ಬೇರೆ ದೇಶಗಳಲ್ಲಿ ಅದು ನಡೆಯುತ್ತಲೇ ಇತ್ತು. 1840ರಲ್ಲಿ ಲಂಡನ್ನಿನಲ್ಲಿ ಗುಲಾಮಗಿರಿ ವಿರೋಧಿ ವಿಶ್ವ ಸಮ್ಮೇಳನ ಸೇರಿದ ಹೊತ್ತಿನಲ್ಲೇ ಈ ಚಿತ್ರ ಪ್ರದರ್ಶನದಲ್ಲಿತ್ತು.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಇದೇ ಟರ್ನರ್ 1805ರಲ್ಲಿ, ಜಮೈಕಾದಲ್ಲಿ ಗುಲಾಮರ ದುಡಿಮೆಯಿಂದ ನಡೆಯುವ ಜಾನುವಾರು ಸಾಕಣೆಯ ವ್ಯವಹಾರವೊಂದರಲ್ಲಿ 100 ಪೌಂಡ್ ಹೂಡಿದ್ದ. ಅದು ಕೆಲವೇ ವರ್ಷಗಳಲ್ಲಿ ಮುಳುಗಿತು. ದೊಡ್ಡವರ ಜೀವನಚರಿತ್ರೆ ಬರೆಯುವಾಗ ಇಂಥ ಸಂಗತಿಗಳನ್ನು ಬಿಟ್ಟುಬಿಡುವುದು ಸುಲಭ. ಆದರೆ ಬಿಟ್ಟರೆ ಆ ಚಿತ್ರದ ತೂಕವೇ ನಮಗೆ ತಿಳಿಯುವುದಿಲ್ಲ. ಅಂದು ಸಾವಿರಾರು ಸಭ್ಯ ಜನ ಯೋಚಿಸದೆ ಮಾಡಿದ್ದನ್ನೇ ಅವನೂ ಮಾಡಿದ. ಮೂವತ್ತೈದು ವರ್ಷಗಳ ನಂತರ ಅದೇ ವ್ಯಾಪಾರದ ಮುಖವನ್ನು ಅಡಗಿಸಲಾಗದಂತೆ ಬರೆದು ಇಡೀ ಲಂಡನ್ನಿನ ಮುಂದೆ ತೂಗುಹಾಕಿದ. ತಪ್ಪು ಅಳಿಸಿಹೋಯಿತೆಂದು ನಾವು ಹೇಳಲಾರೆವು. ಆದರೆ ಮನುಷ್ಯ ತಾನು ನಿಂತ ಜಾಗದಿಂದ ಮುಂದೆ ನಡೆಯಬಲ್ಲ ಎಂಬುದಕ್ಕೆ ಆ ಚಿತ್ರ ಸಾಕ್ಷಿ. ಅದು ಈಗ ಅಮೆರಿಕದ ಬಾಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿದೆ.

ಕೊನೆಯ ದಿನಗಳು

1842ರಲ್ಲಿ, 67ನೆಯ ವಯಸ್ಸಿನಲ್ಲಿ, ಟರ್ನರ್ ‘ಹಿಮದ ಬಿರುಗಾಳಿ’ ಎಂಬ ಚಿತ್ರವನ್ನು ಪ್ರದರ್ಶಿಸಿದ. ಬಂದರಿನ ಬಾಯಲ್ಲಿ ಸಿಕ್ಕಿಬಿದ್ದ ಒಂದು ಉಗಿಹಡಗು, ಅದರ ಸುತ್ತ ಗಿರಗಿರನೆ ಸುತ್ತುವ ಹಿಮ, ಹೊಗೆ, ನೀರು. ಈ ಬಿರುಗಾಳಿಯನ್ನು ಕಾಣಲು ತನ್ನನ್ನು ಹಾಯಿಕಂಬಕ್ಕೆ ಕಟ್ಟಿಸಿಕೊಂಡು ನಾಲ್ಕು ಗಂಟೆ ನಿಂತಿದ್ದೆನೆಂದು ಅವನು ಹೇಳಿಕೊಂಡದ್ದಾಗಿ ವರದಿಯಿದೆ. ವಿದ್ವಾಂಸರು ಇದನ್ನು ಪೂರ್ತಿ ನಂಬುವುದಿಲ್ಲ. ಒಡಿಸ್ಸಿಯನ್ನು ಓದಿದವರಿಗೆ ಮಾತ್ರ ಇದು ಎಲ್ಲಿಯದೆಂದು ಹೊಳೆಯುತ್ತದೆ. ಮೋಹಕ ಗಾಯಕಿಯರ ಹಾಡು ಕೇಳಿಯೂ ಬದುಕಲು ಯುಲಿಸಿಸ್ ತನ್ನನ್ನು ಹೀಗೆಯೇ ಕಂಬಕ್ಕೆ ಕಟ್ಟಿಸಿಕೊಂಡಿದ್ದ. ಬಾಲ್ಯದಿಂದ ಕಡಲನ್ನು ನೋಡಿದ ಮುದುಕ ಕೊನೆಗೆ ತಾನೇ ಆ ಕಥೆಯೊಳಗೆ ಹೋಗಿ ನಿಂತಿದ್ದ. ಈ ಚಿತ್ರವನ್ನು ಸಾಬೂನಿನ ನೊರೆಗೂ ಸುಣ್ಣದ ನೀರಿಗೂ ಹೋಲಿಸಿ ಗೇಲಿ ಮಾಡಿದರು. ಅವನು ಬಹಳ ನೊಂದುಕೊಂಡ, ಆದರೆ ಕುಂಚ ಕೆಳಗಿಡಲಿಲ್ಲ.

ಅವನು ಮದುವೆಯಾಗಲಿಲ್ಲ. ಹಣದ ವಿಷಯದಲ್ಲಿ ಬಿಗಿ, ಸ್ವಭಾವದಲ್ಲಿ ಒಂಟಿ. ಕೊನೆಯ ವರ್ಷಗಳನ್ನು ಚೆಲ್ಸಿಯಲ್ಲಿ, ಥೇಮ್ಸ್ ನದಿಯ ದಡದ ಸಣ್ಣ ಮನೆಯೊಂದರಲ್ಲಿ, ಮಾರ್ಗೇಟಿನ ಸೋಫಿಯಾ ಬೂತ್ ಎಂಬ ವಿಧವೆಯ ಆರೈಕೆಯಲ್ಲಿ ಕಳೆದ. ಅಲ್ಲಿ ತನ್ನ ಹೆಸರನ್ನು ಯಾರಿಗೂ ಹೇಳಿರಲಿಲ್ಲ. ಅವನನ್ನು ಬೂತ್ ಎಂಬ ನಿವೃತ್ತ ನೌಕಾಧಿಕಾರಿಯೆಂದೇ ನೆರೆಹೊರೆಯವರು ತಿಳಿದಿದ್ದರು. ಯುಲಿಸಿಸ್ ಹೆಸರನ್ನು ಕೂಗಿ ಹೇಳಿ ಕೆಟ್ಟ, ಅವನನ್ನು ಚಿತ್ರಿಸಿದವನು ಹೆಸರನ್ನು ಬಚ್ಚಿಟ್ಟುಕೊಂಡು ಬದುಕಿದ. 1851ರ ಡಿಸೆಂಬರ್ 19ರಂದು, 76ನೆಯ ವಯಸ್ಸಿನಲ್ಲಿ ಅವನು ನಿಧನನಾದ. ಕ್ಷೌರಿಕನ ಮಗನಿಗೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲಿನಲ್ಲಿ, ದೇಶದ ದೊಡ್ಡ ಕಲಾವಿದರ ಪಕ್ಕದಲ್ಲಿ ಸಮಾಧಿಯಾಯಿತು.

ಅವನ ಉಯಿಲು ತೆರೆದಾಗ ಜನ ಬೆರಗಾದರು. ಜಿಪುಣನೆಂದು ಹೆಸರಾಗಿದ್ದವನು ತನ್ನ ಹಣದ ದೊಡ್ಡ ಪಾಲನ್ನು ಬಡ ಕಲಾವಿದರಿಗೆ ಆಶ್ರಯಧಾಮ ಕಟ್ಟಲು ಬಿಟ್ಟಿದ್ದ. ಆದರೆ ಬಂಧುಗಳು ನ್ಯಾಯಾಲಯಕ್ಕೆ ಹೋದರು. ನಾಲ್ಕು ವರ್ಷಗಳಿಗೂ ಹೆಚ್ಚು ನಡೆದ ವ್ಯಾಜ್ಯ 1856ರಲ್ಲಿ ಮುಗಿದಾಗ ಹಣದ ಬಹುಪಾಲು ಬಂಧುಗಳಿಗೆ ಹೋಯಿತು. ಆಶ್ರಯಧಾಮ ಕಟ್ಟಲಾಗಲಿಲ್ಲ. ಚಿತ್ರಗಳು ಮಾತ್ರ ದೇಶಕ್ಕೆ ಉಳಿದವು: ಸುಮಾರು 300 ತೈಲಚಿತ್ರಗಳು, ಸಾವಿರಾರು ಜಲವರ್ಣಗಳು ಮತ್ತು ರೇಖಾಚಿತ್ರಗಳು. ಯುಲಿಸಿಸನ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಸೇರಿದೆ. ಅಲ್ಲಿನ ಶಾಶ್ವತ ಸಂಗ್ರಹವನ್ನು ನೋಡಲು ಟಿಕೆಟ್ ಇಲ್ಲ. 2020ರಲ್ಲಿ ಇಂಗ್ಲೆಂಡಿನ 20 ಪೌಂಡ್ ನೋಟಿನ ಮೇಲೂ ಟರ್ನರ್‌ನ ಮುಖ ಬಂದಿತು.

ಪ್ರಿಯ ವಿದ್ಯಾರ್ಥಿಗಳೇ, ಟರ್ನರ್‌ಗೆ ಒಳ್ಳೆಯ ಶಾಲೆ ಸಿಗಲಿಲ್ಲ, ಮನೆಯಲ್ಲಿ ಶಾಂತಿ ಸಿಗಲಿಲ್ಲ, ಗ್ರೀಸ್ ನೋಡುವ ಅವಕಾಶವೂ ಕೈತಪ್ಪಿತು. ಅವನಲ್ಲಿದ್ದದ್ದು ಎರಡು: ದಿನವೂ ನೋಡುವ ಕಣ್ಣು, ಮತ್ತು ನೋಡಿದ್ದನ್ನು ಬರೆದಿಟ್ಟುಕೊಳ್ಳಲು ಜೇಬಿನಲ್ಲೊಂದು ಸಣ್ಣ ಪುಸ್ತಕ. ಬೇರೆ ಜನರ, ಬೇರೆ ಕಾಲದ ಕಥೆಯೊಂದನ್ನು ಅವನು ಅನುವಾದದಲ್ಲಿ ಓದಿ ತನ್ನದಾಗಿಸಿಕೊಂಡ. ಆ ಕಥೆಯ ದೈತ್ಯನನ್ನು ಬರೆದ ಕೈಯೇ ಮುಂದೆ ತನ್ನ ಕಾಲದ ದೈತ್ಯರನ್ನೂ ಗುರುತಿಸಿತು. ಅಂಗಡಿಯ ಕಿಟಕಿಯಲ್ಲಿ ಮಗನ ಚಿತ್ರ ತೂಗುಹಾಕಿದ ಆ ತಂದೆಯನ್ನು ಪೋಷಕರಾದ ನಾವೂ ಮರೆಯಬಾರದು. ನಮ್ಮ ಮನೆಗಳಲ್ಲೂ ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಚಿತ್ರ ಗೀಚುವ ಮಕ್ಕಳಿದ್ದಾರೆ. ಆ ಪುಟವನ್ನು ಹರಿದು ಬೈಯುವ ಮೊದಲು ಒಮ್ಮೆ ಕಣ್ಣಿಟ್ಟು ನೋಡೋಣ.